ಲಾಡ್ಲೆಸಾಬನ ಐದು

ಕೊಯ್ಯೋಕಿಂತ ಮೊದಲು ಕಟ್ಟಬೇಕು.
ಇದೊಂದೇ ಮಾತು ಲಾಡ್ಲೆಸಾಬ
ನನಗ ಮೂರು ಸಲ ಹೇಳಿದ್ದು.
ಉಳಿದದ್ದೆಲ್ಲ ಒಂದೇ ಸಲ, ಇಲ್ಲಾ ಬರೇ ಕಣ್ಣಿಲೆ.

ಕಲಬುರಗಿ ಗಂಜಿನ ಹಿಂದ, ದಾಲ್ ಮಿಲ್ಲಿನ ಗ್ವಾಡಿಗೆ ಹತ್ತಿ
ನಮ್ಮ ತಗಡಿನ ಶೆಡ್ಡು.
ತೊಗರಿ ಹೊಟ್ಟು ಹಾರಿ ಬಂದು
ಬಣ್ಣ ಹೊಡೆಯೋ ದಿನ ಸಿಟ್ಟು ಬರಸ್ತದ,
ಉಳಿದ ದಿನ ಮೈಮ್ಯಾಲ ಕೂತದ್ದೇ ಗೊತ್ತಾಗಲ್ಲ.
ನೆಲಕ್ಕ ಶಹಾಬಾದಿ ಫರ್ಸಿ.
ನೀರು ಸುರುವಿದರ ಎತ್ತಾಗೂ ಹರಿಯಲ್ಲ,
ಹಂಗ ಹಾಸಿದವ ಅವರಪ್ಪ.
ಅದರ ಮ್ಯಾಲ, ನಾಕು ಕಟ್ಟಿಗಿ ದಿಮ್ಮಿ ಮ್ಯಾಲ
ಅರವತ್ತೊಂದರ ಫಿಯಾಟು,
ವಕೀಲಬಾಯಿ ಸುಗಂಧಾ ದೇಶಮುಖರದ್ದು.

ಬಾಗಿಲ ಕೆಳಗಿನ ಪಟ್ಟಿ
ಜಂಗು ತಿಂದು ಹಪ್ಪಳ ಆಗಿತ್ತು.
ಹಂಗೇ ಕೊಯ್ದರ ಗಾಡಿ ನಡು ಕುಸೀತದ,
ಬಾಗಿಲ ಸಂದು
ಮ್ಯಾಲ ಅರ್ಧ ಸೂತು, ಕೆಳಗ ಮೂರು ಸೂತು.
ಒಮ್ಮೆ ಕುಸೀತು ಅಂದರ
ಆಮ್ಯಾಲ ಎಷ್ಟು ಬಡಿದರೂ
ತಗಡಿಗೆ ತಾ ನೆಟ್ಟಗಿದ್ದದ್ದು ನೆನಪಿರಲ್ಲ.

ಅದಕ್ಕೇ ಆಂಗಲ್.
ಈ ಕಂಬದಿಂದ ಆ ಕಂಬಕ್ಕ ಅಡ್ಡ,
ಮೂಲಿಯಿಂದ ಮೂಲಿಗೆ ಓರೆ.
ಅವ ಟೇಪು ಹಿಡಿದು ಅಳೀತಾನ,
ಖಡುವಿಲೆ ಛತ್ತಿನ ಮ್ಯಾಲ ಬರೀತಾನ,
ನಾ ಓದಿ ಕೊಯ್ತೀನಿ.
ಅವ ಕಲಿತದ್ದು ಉರ್ದು ಸಾಲಿ, ನಾಕನೇ ತನಕ.
ನಾ ಕನ್ನಡ ಸಾಲಿ. ಏಳು. ಫೇಲು.
ಅವನ ನಾಕು ನನಗ ಬಾಯಿಪಾಠ ಆಗಿತ್ತು,
ಐದು ಇನ್ನೂ ಬಂದಿರಲಿಲ್ಲ.

ನಲವತ್ತೈದು ಅಂತ ಅವ ಬರೆದ.
ನಲವತ್ತು ಅಂತ ನಾ ಓದಿದೆ.

ಒಂದು ತುದಿ ಮೂಲಿಗೆ ಹಚ್ಚಿದರ
ಇನ್ನೊಂದು ಗಾಳಿಯಾಗ,
ಅಂಗೈ ಉದ್ದ ಕಮ್ಮಿ.
ಲಾಡ್ಲೆಸಾಬ ಬೈಯಲಿಲ್ಲ. ಬಾಗಿ
ತಾ ಬರೆದದ್ದು ತಾನೇ ಓದಿದ.
'ಇದೇನು?'
'ಸೊನ್ನಿ.'
'ಸೊನ್ನಿ ಬುಡಕ ಡೆಂಟ್ ಯಾಕ ಇರ್ತದಲೇ ಅಣವೀರ?
ಇಪ್ಪತ್ತು ದಿನ ಆಯ್ತು ಡೆಂಟ್ ತಗೀಲಾಕತ್ತಿದಿ,
ಇದೊಂದು ಕಾಣಲಿಲ್ಲೇನು?'

ನೋಡಿದೆ. ಹೌದು.
ಗುಂಡಗ, ಕೆಳಗ ಸಣ್ಣ ತಗ್ಗು,
ಸುತಗಿ ತಪ್ಪಿ ಬಿದ್ದಂಗ.
'ನಿಮ್ಮದು ಹೆಂಗ?' ಅಂದ.
ಬರೆದೆ: ೫.
ಅದರ ತಿರುವು ಎಲ್ಲ ಬೆರಳಿಲೆ ಸವರಿ
'ಇದಕ್ಕ ಭಾಳ ತಗಡು ಬೇಕು' ಅಂದ.
ಅವನ ಸೊನ್ನಿ ಕೇಳಿದೆ.
ಡ್ರಿಲ್ಲಿಗಿಂತ ಮೊದಲು ಪಂಚ್ ಹೊಡೀತೀವಲ್ಲ,
ಅಷ್ಟೇ ಒಂದು ಚುಕ್ಕಿ ಇಟ್ಟ.

ಮಧ್ಯಾಹ್ನ ಮಿಲ್ಲಿನಿಂದ
ತೊಗರಿ ಚೀಲ ಹೊಲಿಯೋ ಸುತಳಿ ತಂದ.
ಕಂಬದಿಂದ ಕಂಬಕ್ಕ ಬಿಗಿದು ಎಳೆದು
ಒಂದು ಗಂಟು ಹಾಕಿ
ನನ್ನ ಕೈಯಾಗ ಕೊಟ್ಟ:
'ಈಗ ಓದು.'

ಆಮ್ಯಾಲಿಂದೆಲ್ಲ ಸುತಳಿಲೇ.
ಆರು ಆಂಗಲ್ ಬಿಗಿದು ಹಳಿ ಪಟ್ಟಿ ಕೊಯ್ದು
ಹೊಸಾದು ಕೂಡಿಸಿ, ಬಾಗಿಲ ಏರಿಸಿ, ಇಳಿಸಿ,
ಕೀಲಿಗೆ ತಗಡಿನ ಚೂರು ಕೊಟ್ಟು, ತಗದು,
ಮತ್ತ ಏರಿಸಿ.
ಹನ್ನೊಂದನೇ ದಿನ
ದಪ್ಪನ್ನ ಐದರ ಬಿಲ್ಲಿ ಎರಡು ಜೋಡಿಸಿ
ಬಾಗಿಲ ಸಂದಿನಾಗ ಮ್ಯಾಲಿಂದ ಕೆಳಗ ಎಳೆದ.
ಎಲ್ಲೂ ಸಿಗಲಿಲ್ಲ, ಎಲ್ಲೂ ಬೀಳಲಿಲ್ಲ.
ಆ ಬಿಲ್ಲಿ ಮ್ಯಾಲಿನ ಐದು
ಇಬ್ಬರಿಗೂ ಬರ್ತಿತ್ತು.

ಕಡೀ ಆಂಗಲ್ ಬಿಚ್ಚೋ ಮುಂದ
ಗ್ರೈಂಡರ್ ನನ್ನ ಕೈಯಾಗ ಕೊಟ್ಟು
ತಾ ಛತ್ತಿಗೆ ಕಿವಿ ಹಚ್ಚಿ ನಿಂತ.
ಠಣ್ ಅಂತು. ಆಂಗಲ್ ಫರ್ಸಿ ಮ್ಯಾಲ ಬಿತ್ತು.
ಅವ ಭಾಳ ಹೊತ್ತು ಕಿವಿ ತಗೀಲಿಲ್ಲ.
'ಏನಂತು?' ಕೇಳಿದೆ.
'ಏನೂ ಅನ್ನಲಿಲ್ಲ' ಅಂದ,
ಬೀಡಿ ಹುಡುಕಿದ.

ವಕೀಲಬಾಯಿ ಬಂದವರೇ
ನಲವತ್ತು ವರ್ಷದ ರೂಢಿ, ಬಾಗಿಲ ದಬ್ಬಂತ ಬಡಿದರು.
ಮಿಲ್ಲಿನ ಪಾರಿವಾಳ ಎಲ್ಲ ಎದ್ದವು.
'ಇನ್ನ ಬೆರಳಿಲೆ ಸಾಕ್ರಿ, ಬಾಯಿ.'
ಎರಡನೇ ಸಲ ಎರಡು ಬೆರಳು ಇಟ್ಟರು.
ಮುಚ್ಚಿತು.
ಅವರಿಗೆ ನಂಬಿಕಿ ಬರಲಿಲ್ಲ, ತಗದು ಮತ್ತ ನೋಡಿದರು.

ಬಿಚ್ಚಿದ ಆಂಗಲ್ ಆರೂ ಮೂಲ್ಯಾಗ ಬಿದ್ದಾವ,
ಮುಂದಿನ ಗಾಡಿಗೆ.
ಸುತಳಿ ಮೊಳೆಗೆ ತೂಗಬಿದ್ದದ,
ಯಾವ ಗಂಟು ಯಾವ ಬಾಗಿಲದ್ದು ಮರತು ಹೋಗ್ಯಾದ.
ನಾ ತಪ್ಪು ಕೊಯ್ದ ನಲವತ್ತರ ತುಂಡು
ಶೆಡ್ಡಿನ ಕಿಟಕಿ ತಗಡಿಗೆ ಊರುಗೋಲು.
ಅಳೆದು ಕೊಯ್ದಂಗ ಕೂತದ.