ಹಳದಿ ಬಿಟ್ಟು ಹೇಳಿ

ಹೆಸರಿನ ಕೆಳಗೆ ಒಂದು ಹೂ ಬೇಕು, ಎಂದಳು ಗ್ರಾಸಿಯಾನಾ.
ಯಾವ ಹೂ?
ಹಳದಿಯದು. ಗುಡ್ಡದ್ದು. ಮೇ ತಿಂಗಳಲ್ಲಿ ಬಿಡುತ್ತದಲ್ಲ, ಅದು.

ನೋಡಿ, ನಾನು ಕಲ್ಲು ಕೆತ್ತುವವನು.
ನನ್ನ ಉಳಿಗೆ ಬಣ್ಣ ಬಾರದು.
ಹಳದಿ ಬಿಟ್ಟು ಹೇಳಿ.

ಆಕೆ ಸುಮ್ಮನಾದಳು.
ಐಡಹೋದ ಬೋಳು ಇಳಿಜಾರುಗಳಲ್ಲಿ
ನಲವತ್ತು ವರ್ಷ ಯಾರದೋ ಕುರಿ ಕಾಯ್ದ ಚೊಮಿನ್
ಟೊಪ್ಪಿಗೆಯ ಪಟ್ಟಿಗೆ ಸಿಕ್ಕಿಸಿ ತರುತ್ತಿದ್ದದ್ದು
ಬರೀ ಹೂ. ಅದೂ ಬಾಡಿದ್ದು.
ಎಲೆ ಹೇಗಿರುತ್ತದೆಂದು ಅವಳು ಕಂಡವಳಲ್ಲ.

ಶನಿವಾರ ನನ್ನ ಲಡಕಾಸಿ ಪಿಕಪ್ಪಿನಲ್ಲಿ ಹೋದೆವು.
ಸೇಜ್ ಪೊದೆಗಳ ನಡುವೆ, ಸಡಿಲ ಕಲ್ಲಿನ ಮೇಲೆ,
ಲೆಕ್ಕ ತಪ್ಪುವಷ್ಟು ಹಳದಿ.
ಹತ್ತಿರ ಹೋದರೆ ಎರಡು ಬಗೆ.
ಒಂದರ ಎಲೆ ಹಸಿರು, ಎಣ್ಣೆ ಒರೆಸಿದ ಹಾಗೆ ಮಿರಮಿರ,
ಹೇಸರಗತ್ತೆಯ ಕಿವಿಯಷ್ಟುದ್ದ,
ದಂಟು ಹಿಡಿದು ಮೇಲೇರುವಂಥದು.
ಇನ್ನೊಂದರದು ಬೂದಿ ಬೆರೆತ ಬೆಳ್ಳಿ, ಬಾಣದ ಮೊನೆ,
ಎಲ್ಲ ಬುಡದಲ್ಲೇ ಗುಂಪುಗೂಡಿ ಕೂತು
ದಂಟು ಬರಿಮೈ. ದಂಟಿಗೊಂದೇ ಹೂ.
ಹೂಗಳನ್ನಷ್ಟೇ ನೋಡಿದರೆ ಅವಳಿಜವಳಿ,
ಹೆತ್ತವಳೂ ತಡವರಿಸಬೇಕು.

ಬೆಳ್ಳಿಯೆಲೆ ಉಜ್ಜಿದೆ: ಕಂಬಳಿಯ ಒಳಮೈ.
ಇದೇನಾ? ಗೊತ್ತಿಲ್ಲ, ಎಂದಳು.

ರಸ್ತೆ ಕೊರೆದ ದರೆಯಲ್ಲಿ ಅದರದೊಂದು ಬೇರು ಹೊರಬಿದ್ದಿತ್ತು,
ನನ್ನ ತೋಳಿನ ಗಾತ್ರ; ಆಳ ಎಷ್ಟೋ.
ಚಾಕುವಿನಿಂದ ಗೀರಿದೆ. ಅಂಟು ಒಸರಿತು.
ಆಕೆ ಬೆರಳಿಗೆ ತಗುಲಿಸಿ ಮೂಸಿದಳು,
ಮತ್ತೆ ಮೂಸಿದಳು.
ಅವನ ಅಂಗಿ, ಎಂದಳು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.
ನಾನು ಬೈಯುತ್ತಿದ್ದೆ.

ಇಳಿಯುವಾಗ ತೊರೆಯ ಬದಿಯ ಆಸ್ಪೆನ್ ಮರದಲ್ಲಿ
ಅವನೇ ಗೀರಿದ ಹೆಸರು, ಸಾವಿರದ ಒಂಬೈನೂರ ಅರವತ್ತಮೂರು.
ಮರ ದಪ್ಪವಾದಂತೆ ಅಕ್ಷರವೂ ಉಬ್ಬಿ
ಓದಲು ಎರಡು ಹೆಜ್ಜೆ ಹಿಂದೆ ಸರಿಯಬೇಕು.
ನನ್ನ ಅಕ್ಷರ ಬೆಳೆಯುವುದಿಲ್ಲ.
ಒಂದಕ್ಕೆ ಹನ್ನೆರಡು ಡಾಲರು.

ಹೂವಿಗೆ ಏನೂ ಹಾಕಲಿಲ್ಲ. ಅರ್ಧ ಗಂಟೆಯ ಕೆಲಸ,
ದುಂಡಗೆ ಒಂದು, ಸುತ್ತ ಎಸಳು.
ಎಲೆ ಮೂರು ದಿನ ತಿಂದಿತು.
ರೋಮಕ್ಕೆಂದು ಚುಕ್ಕಿ, ಚುಕ್ಕಿಯ ಮಗ್ಗುಲಲ್ಲಿ ಚುಕ್ಕಿ,
ಸೂಜಿಮೊನೆಯ ಉಳಿ ಎರಡು ಬಾರಿ ಮೊಂಡಾಯಿತು.
ದಂಟಿನ ಮೇಲೆ ಏನೂ ಕೆತ್ತದೆ ಕೈ ತಡೆದುಕೊಂಡೆ,
ಅದೇ ಕಷ್ಟದ ಭಾಗ.

ಸಮಾಧಿಯ ಬಳಿ ಬಂದವರು ಕೇಳುತ್ತಾರಂತೆ:
ಸೂರ್ಯಕಾಂತಿಯಾ?
ಗ್ರಾಸಿಯಾನಾ ಮಾತಾಡುವುದಿಲ್ಲವಂತೆ.
ಅವರ ಕೈ ಹಿಡಿದು
ಎಲೆಯ ಮೇಲೆ ಇಡುತ್ತಾಳಂತೆ.