ನಾಲ್ಕು ಮಾರು ಹಿಂದಕ್ಕೆ

ಉಮದಿಯಿಂದ ಸಂಖದ ಕಡೆಗೆ ಮೂರು ಮೈಲು ಡಾಂಬರು.
ಆಮೇಲೆ ಎರೆ. ಬರೀ ಎರೆ.
ಉತ್ತರಿ ಮಳೆ ಬಿದ್ದ ಮೇಲೆ ಅದು ಹಾದಿಯಲ್ಲ,
ನಾದಿಟ್ಟ ಕಣಕ. ಕಾಲಿಟ್ಟರೆ
ಚಪ್ಪಲಿ ಅದರ ಪಾಲು.

ಹಿಂದೆ ತೊಟ್ಟಿಯಲ್ಲಿ ಒಂದೂವರೆ ಟನ್ನು:
ಗುಡ್ಡದ ಹದಿನೇಳನೇ ಗಾಳಿಕಂಬಕ್ಕೆ ಎಣ್ಣೆಯ ಪೀಪಾಯಿ,
ಹಲ್ಲು ಸವೆದ ಚಕ್ರಕ್ಕೆ ಬದಲಿ ಚಕ್ರ.
ಪಕ್ಕದಲ್ಲಿ ಇಸಾಕ ಮಿಸ್ತ್ರಿ, ಬಾಯಲ್ಲಿ ಎಲೆ,
ತೊಡೆಯ ಮೇಲೆ ಹದಿನೆಂಟರ ಪಾನಾ.
ಸ್ಟೇರಿಂಗಿನ ಹಿಂದೆ ನಾನು, ಅಮೋಗಸಿದ್ದ,
ಕೆಲಸಕ್ಕೆ ಸೇರಿ ಒಂಬತ್ತು ದಿನ.

ಹುಣಸೆಮರದ ಹತ್ತಿರ ಗಾಡಿ ಕೂತಿತು.
ಎಕ್ಸಲೇಟರ್ ಒತ್ತಿದೆ.
ಹಿಂದಿನ ಎಡಗಾಲಿ ಹುಚ್ಚೆದ್ದು ತಿರುಗಿತು.
ಬಲಗಾಲಿ ಮಾತ್ರ ಕದಲಲಿಲ್ಲ,
ಮುನಿಸಿಕೊಂಡ ಬೀಗರ ಹಾಗೆ.

"ನಿಲ್ಲಸೋ. ಬಾವಿ ತೋಡಾಕ ಹತ್ತೀದಿ."

ಕಿಟಕಿಯಾಚೆ ಎಲೆ ಉಗಿದು ಹೇಳಿದ:
"ಇಂಜಿನ್ನಿಂದು ತಪ್ಪಿಲ್ಲ. ನಡುವ ಆ ಗುಂಡು ಐತೆಲ್ಲ, ಡಿಫ್ರೆನ್ಸಲ್,
ಅದು ಇಬ್ಬರಿಗೂ ಸಮ ಹಂಚತೈತಿ.
ಸಮ ಅಂದ್ರ ಹೆಂಗ? ಜಾರಾವ ಎಷ್ಟು ಹೊರತಾನೋ
ಊರಿ ನಿಂತಾವಗೂ ಅಷ್ಟ.
ಕೆಸರಾಗಿನವ ಏನೂ ಹೊರಂಗಿಲ್ಲ,
ಹಂಗಾಗಿ ಗಟ್ಟಿ ನೆಲದವಗೂ ಏನೂ ಸಿಗಂಗಿಲ್ಲ.
ಪಂಚರ ನ್ಯಾಯ ನೋಡು."

ಇಳಿದೆ. ಎರೆ ಮೀನಖಂಡದವರೆಗೆ ಹಿಡಿಯಿತು.
ಮುಂದಿನ ಗಾಲಿಯ ಹಬ್ಬಿನ ಕೆಸರು ಒರೆಸಿ
ಬಿರಡೆಯಂತೆ ತಿರುವಿದೆ, ಫ್ರೀಯಿಂದ ಲಾಕಿಗೆ.
ಕಟ್ ಎಂದಿತು.
ಇಷ್ಟು ಹೊತ್ತು ಇದು ಸುಮ್ಮನೆ ಉರುಳಿಕೊಂಡು ಬಂದಿತ್ತು,
ದಿಬ್ಬಣದಲ್ಲಿ ಊಟಕ್ಕಷ್ಟೇ ಬಂದವನ ಹಾಗೆ.
ಆಚೆ ಬದಿಗೂ ಸುತ್ತಿ ಹೋದೆ.

"ಈಗ ಆ ಸಣ್ಣ ಕೋಲು. ನಿಂತಾಗ, ನ್ಯೂಟ್ರಲ್ ಮಾಡಿ ಹಾಕು.
ಓಡೂಮುಂದ ಹಾಕಿದ್ರ ಹಲ್ಲ ಉದರತಾವ,
ಮೊದಲ ಅದರವು, ಆಮ್ಯಾಲ ನಿನ್ನವು."

ನನ್ನ ಸೀಟಿನ ಕೆಳಗೆ, ಎಣ್ಣೆ ತುಂಬಿದ ಕತ್ತಲೆಯ ಪೆಟ್ಟಿಗೆಯಲ್ಲಿ
ಒಂದು ದಂಡದ ಕಸುವು ಎರಡಾಗಿ ಕವಲೊಡೆಯಿತು,
ಒಂದು ಹಿಂದಕ್ಕೆ, ಒಂದು ಮುಂದಕ್ಕೆ.
ಗಾಲಿಯ ಒಂದು ಸುತ್ತಿಗೆ ಇಂಜಿನ್ನು ಈಗ
ಮೊದಲಿನ ಎರಡೂವರೆ ಪಟ್ಟು ಸುತ್ತಬೇಕು:
ಓಟ ಕೊಟ್ಟು ಬಲ ಕೊಂಡ ವ್ಯಾಪಾರ.
ಮೇಲೆ ಆ ಕಂಬದ ತಲೆಯೊಳಗೂ ಇಂಥದೇ ಪೆಟ್ಟಿಗೆಯಂತೆ,
ಲೆಕ್ಕ ಮಾತ್ರ ತಿರುಗುಮುರುಗು:
ಹೊರಗೆ ರೆಕ್ಕೆ ನಿಧಾನ, ಒಳಗೆ ಅವಸರ.

ಆದರೂ ಎಡಗಾಲಿ ಜಾರಿತು.
"ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳಿ. ಕುಣಿಯಾವಗ
ಒಂದೀಟು ಭಾರ ಕಟ್ಟು, ಕುಂತಾವಗೂ ಪಾಲು ಬರತೈತಿ."
ಎಳೆದೆ. ಗಾಡಿ ನರಳಿತು.
ಬಲಗಾಲಿ ನೆಲ ಕಚ್ಚಿತು. ಎರೆ ಬಿಟ್ಟುಕೊಟ್ಟಿತು,
ಕೂಸಿನ ಬಾಯಿಂದ ಬೆರಳು ಎಳೆದ ಹಾಗೆ, ಚಪಕ್.

ಗುಡ್ಡ ಹತ್ತಿದೆವು. ಪೀಪಾಯಿ ಇಳಿಸಿದೆವು. ಬುತ್ತಿ ಬಿಚ್ಚಿದೆವು.

ಸಂಜೆ, ಖಾಲಿ ಗಾಡಿ, ಒಣ ಡಾಂಬರು.
ಕೋಲು ನಾಲ್ಕರಲ್ಲೇ ಇದ್ದದ್ದು ನನಗೆ ಮರೆತಿತ್ತು.
ಮಿಸ್ತ್ರಿಗೆ ಮರೆತಿರಲಿಲ್ಲ, ಈಗ ಅನಿಸುತ್ತದೆ.
ಉಮದಿ ಸ್ಟ್ಯಾಂಡಿನ ತಿರುವಿನಲ್ಲಿ
ಟೈರು ಚೀರಿದವು, ಸ್ಟೇರಿಂಗು ಕಲ್ಲಾಯಿತು,
ಗಾಡಿ ತನ್ನ ಕಾಲು ತಾನೇ ತುಳಿದುಕೊಂಡಂತೆ ಮುಗ್ಗರಿಸಿತು.
ಕೋಲು ಜಗ್ಗಿದರೆ ಬರಲಿಲ್ಲ.
ಸಾಂಗ್ಲಿ ಬಸ್ಸು ಹಿಂದೆ ನಿಂತು ಬೈಯತೊಡಗಿತು.

"ತಿರುವಿನಾಗ ಮುಂದಿನವರದು ದೂರದ ಹಾದಿ, ಹಿಂದಿನವರದು ಸಮೀಪ.
ಅವರನ್ನ ಒಂದ ಹಗ್ಗಕ್ಕ ಕಟ್ಟೀದಿ.
ಕೆಸರಿನ್ಯಾಗ ಜಾರಿ ಸರಿ ಮಾಡಿಕೊಂತಾವ,
ಇಲ್ಲಿ ಎಲ್ಲಿ ಜಾರಬೇಕು? ದಂಡ ಹುರಿ ಬಿದ್ದೈತಿ.
ಜಗ್ಗಬ್ಯಾಡ. ಹಿಂದಕ್ಕ ತಗೋ, ಸೀದಾ."

ಬಸ್ಸಿನವನಿಗೆ ಕೈ ಮುಗಿದು, ಅವನು ಸರಿದ ಮೇಲೆ,
ಒಂದು ಮಾರು, ಎರಡು, ಮೂರು.
ನಾಲ್ಕನೆಯದಕ್ಕೆ ಕೆಳಗೆಲ್ಲೋ ಗಂಟು ಬಿಚ್ಚಿದ ಸದ್ದು.
ಕೋಲು ತಾನಾಗಿ ಅಂಗೈಗೆ ಬಂತು.

ಇಳಿದು ಹಬ್ಬು ಸಡಿಲಿಸಿದೆ. ಕೆಸರು ಒಣಗಿ
ಉಗುರಿನೊಳಗೆ ಚುಚ್ಚುತ್ತಿತ್ತು.
ಮಿಸ್ತ್ರಿ ಆಗಲೇ ಹೋಟೆಲಿನ ಬಾಕಿನ ಮೇಲೆ.
ಚಹಾ ಕುಡಿದು ಇಟ್ಟ ಬಿಳಿ ಬಸಿಯ ಅಂಚಿಗೆ
ನನ್ನ ನಾಲ್ಕು ಬೆರಳು, ಎರೆಯ ಬಣ್ಣದವು.
ಹೆಬ್ಬೆಟ್ಟು ಕೆಳಗಿತ್ತು, ಕಾಣಲಿಲ್ಲ.