ಚೋಟು

“ಎಷ್ಟು ಇಳಿಸಲಿ?” ಅಂದ ಸಗಾಯಂ,
ಲಿಂಗರಾಜಪುರದ ಶೆಡ್ಡಿನ ಗುಂಡಿಯೊಳಗಿಂದ.
ನೆಲಕ್ಕೂ ಗಾಡಿಗೂ ನಾಲ್ಕೇ ಬೆರಳು ಸಂದಿರಲಿ, ಅಂದೆ.
ಹಳೇ ಝೆನ್ನು. ಹೊಸ ಸ್ಪ್ರಿಂಗು.
ಪಾರಿವಾಳ ಕಂಡ ಬೆಕ್ಕಿನ ಹಾಗೆ
ಹೊಟ್ಟೆ ಊರಿ ನಿಲ್ಲಬೇಕು ಅದು.

ಇಳಿದು ಬಾ, ಅಂದ. ಇಳಿದೆ.
ಟಾರ್ಚು ಬಿಟ್ಟು ಗೀರು ಓದತೊಡಗಿದ:
ಇದು ಹೆಣ್ಣೂರು, ಪೈಪಿಗೆ ಅಗೆದು ಮುಚ್ಚದೆ ಹೋದರಲ್ಲ, ಆಗಿನದು.
ಇದು ಬಾಣಸವಾಡಿ, ಬಣ್ಣ ಬಳಿಯದ ಹಂಪು.
ಇದೊಂದು ಯಾವುದೋ.
ದಿನಾ ಒಂದೇ ಜಾಗದಲ್ಲಿ ಕೆರೆದಿದೆ.

ನಾನು ಬಾಯಿ ಬಿಡಲಿಲ್ಲ.
ನಮ್ಮ ಬೀದಿಯದೇ ಅದು. ಮೊಮ್ಮಗನ ಪಾದದ ಮೇಲೆ
ಟೆಂಪೋ ಹತ್ತಿದ ವಾರ
ಹೂವಿನ ಪಳನಿಯಮ್ಮ, ಯಾರನ್ನೂ ಕೇಳದೆ,
ಎರಡು ಮೂಟೆ ಸಿಮೆಂಟು ತರಿಸಿ ಹಾಕಿಸಿದ್ದು.
ಅದರ ಬೆನ್ನ ಮೇಲೂ ಗೀರುಗಳಿವೆ,
ಅವಸರದವರೆಲ್ಲ ರುಜು ಹಾಕಿ ಹೋದ ಹಾಗೆ.

ಆಯಿಲ್ ಪ್ಯಾನಿಗೂ ಗುಂಡಿಯ ಅಂಚಿಗೂ ನಡುವೆ
ಹೆಬ್ಬೆರಳು ತೋರುಬೆರಳು ಅಗಲಿಸಿ ನಿಲ್ಲಿಸಿದ ಸಗಾಯಂ.
ಗ್ರೀಸು ಮೆತ್ತಿದ ಒಂದು ಚೋಟು.
“ಈ ಊರಲ್ಲಿ ಇಷ್ಟು ಬೇಕಪ್ಪ.
ಕಣ್ಣಿಗೆ ಅಂತ ಒಂದು ಬೆರಳು ಇಳಿಸ್ತೀನಿ.
ಮಿಕ್ಕಿದ್ದು ನೀನು ಇಳಿಸು, ಸ್ಪೀಡಲ್ಲಿ.”

ಸಂಜೆ, ನಮ್ಮ ಬೀದಿ.
ಜೊತೆಗಿದ್ದ ಮೂವರನ್ನೂ ಕೆಳಗಿಳಿಸಿದೆ.
ಓರೆಯಾಗಿ ಹತ್ತಿಸಿದೆ, ಒಂದು ಚಕ್ರ,
ತಡೆದು, ಇನ್ನೊಂದು.

ಸದ್ದೇ ಬರಲಿಲ್ಲ.
ಕಟ್ಟುತ್ತಿದ್ದ ಕನಕಾಂಬರ ಮಡಿಲಲ್ಲಿಟ್ಟು
ಪಳನಿಯಮ್ಮ ತಲೆಯೆತ್ತಿ ನೋಡಿದಳು,
ಯಾರಿದು, ಅಂತ.